ಮ್ಯಾನ್ ಆಫ್ ಸ್ಟೀಲ್ ಅವಾರ್ಡ್: ಪದೇ ಪದೇ ಕೇಳೋ ಪ್ರಶ್ನೆಗಳು, ಸ್ವಲ್ಪ ಉದ್ದ ಆಗಿರೋ ಉತ್ತರಗಳು

ಲೀಡ್ಸ್‌ನಲ್ಲಿ ಇದೀನಿ ಅಂದ ತಕ್ಷಣ ಊರ ಕಡೆಯವರು ಕೇಳೋದು ಒಂದೇ, ಹೆಡಿಂಗ್ಲಿ ಅಲ್ವಾ, 2002ರಲ್ಲಿ ನಮ್ಮ ದ್ರಾವಿಡ್ 148 ಹೊಡೆದಿದ್ದು ಅಲ್ಲೇ ತಾನೆ ಅಂತ. ಹೌದು, ಅಲ್ಲೇ. ಆದ್ರೆ ಆ ಕ್ರಿಕೆಟ್ ಗ್ರೌಂಡಿನ ಬೆನ್ನಿಗೇ ಇನ್ನೊಂದು ಗ್ರೌಂಡ್ ಇದೆ, ಎರಡಕ್ಕೂ ಮಧ್ಯ ಇರೋದು ಒಂದೇ ಸ್ಟ್ಯಾಂಡ್, ಈ ಕಡೆ ಮುಖ ಮಾಡಿ ಕೂತ್ರೆ ಕ್ರಿಕೆಟ್, ಆ ಕಡೆ ಕೂತ್ರೆ ರಗ್ಬಿ ಲೀಗ್. ನಾನು ಬಂದಿದ್ದು ಈ ಕಡೆ ಕೂರೋಕೆ, ಈಗ ಆ ಕಡೆನೇ ಜಾಸ್ತಿ ಕೂರ್ತೀನಿ. ಫ್ಯಾಮಿಲಿ ಗ್ರೂಪಲ್ಲಿ ಆಗಾಗ ಇದರ ಬಗ್ಗೆ ಏನಾದ್ರೂ ಹಾಕ್ತಾ ಇರ್ತೀನಲ್ಲ, ಅದಕ್ಕೆ ಬರೋ ಪ್ರಶ್ನೆಗಳಿಗೆ ಒಂದೊಂದಾಗಿ ಟೈಪ್ ಮಾಡಿ ಬೆರಳು ಸವೀತು, ಒಂದೇ ಕಡೆ ಬರೆದಿಡೋಣ ಅಂತ.

ಮ್ಯಾನ್ ಆಫ್ ಸ್ಟೀಲ್ ಅಂದ್ರೆ ಏನು, ಸೂಪರ್‌ಮ್ಯಾನ್ ವಿಷ್ಯನಾ?

ಅಲ್ಲ ಮಾರಾಯ. ಇಂಗ್ಲೆಂಡಿನ ರಗ್ಬಿ ಲೀಗ್‌ನಲ್ಲಿ ಇಡೀ ಸೀಸನ್ ಯಾರು ಎಲ್ಲರಿಗಿಂತ ಚೆನ್ನಾಗಿ ಆಡಿದ್ರೋ ಅವರಿಗೆ ಕೊಡೋ ಪ್ರಶಸ್ತಿ. ಈಗಿನ ಟಾಪ್ ಲೀಗ್ ಹೆಸರು ಸೂಪರ್ ಲೀಗ್. 1977ರಿಂದ ಕೊಡ್ತಿದ್ದಾರೆ. ಸಾಮಾನ್ಯವಾಗಿ ಗ್ರಾಂಡ್ ಫೈನಲ್ (ಲೀಗ್ ಚಾಂಪಿಯನ್ ಯಾರು ಅಂತ ತೀರ್ಮಾನ ಆಗೋ ಕೊನೇ ಮ್ಯಾಚ್) ನಡೆಯೋ ವಾರದಲ್ಲಿ, ಫೈನಲ್‌ಗೆ ಮುಂಚೆನೇ, ಅನೌನ್ಸ್ ಮಾಡ್ತಾರೆ. ಈ 'ಮುಂಚೆನೇ' ಅನ್ನೋದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ರಗ್ಬಿ ಅಂದ್ರೆ ವರ್ಲ್ಡ್ ಕಪ್ ಟೈಮಲ್ಲಿ ಟಿವಿಲಿ ಬರುತ್ತಲ್ಲ, ನ್ಯೂಜಿಲೆಂಡ್‌ನವರು ಕುಣಿತಾರಲ್ಲ, ಅದೇ ತಾನೆ?

ಅದು ರಗ್ಬಿ ಯೂನಿಯನ್. ಇದು ಅದರಿಂದ ಪಾಲು ತಗೊಂಡು ಬೇರೆ ಮನೆ ಮಾಡಿದ ತಮ್ಮ. 1895ರಲ್ಲಿ ಹಡರ್ಸ್‌ಫೀಲ್ಡ್ ಅನ್ನೋ ಊರಿನ ಜಾರ್ಜ್ ಹೋಟೆಲಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಮೀಟಿಂಗ್ ಮಾಡಿ ಹೊರಗೆ ಬಂದ್ವು. ಜಗಳ ದುಡ್ಡಿಂದು. ಗಣಿ, ಮಿಲ್ಲು ಅಂತ ಕೆಲಸ ಮಾಡೋ ಹುಡುಗರು ಶನಿವಾರ ಮ್ಯಾಚ್ ಆಡಿದ್ರೆ ಅವತ್ತಿನ ಕೂಲಿ ಹೋಗ್ತಿತ್ತು, ಆ ಕೂಲಿನಾದ್ರೂ ತುಂಬಿ ಕೊಡಿ ಅಂತ ಇವರು, ಆಟಕ್ಕೆ ದುಡ್ಡು ತಗೋಬಾರದು ಅಂತ ಲಂಡನ್ ಕಡೆಯ ಸಾಹುಕಾರ್ರು. ಕೂತ್ಕೊಂಡ್ ಉಣ್ಣೋರಿಗೆ ಕೂಲಿ ಕಷ್ಟ ಎಲ್ಲಿ ಗೊತ್ತಾಗ್ಬೇಕು. ಆಮೇಲೆ ರೂಲ್ಸೂ ಬೇರೆ ಆಯ್ತು: ಇಲ್ಲಿ ಹದಿಮೂರು ಜನ, ಅಲ್ಲಿ ಹದಿನೈದು. ಇಲ್ಲಿ ಬಾಲ್ ಇರೋ ಟೀಮ್‌ನ ಆರು ಸಲ ಕೆಡವಿ ಹಿಡಿದ್ರೆ ಬಾಲ್ ಎದುರು ಟೀಮಿಗೆ. ಗೆರೆ ದಾಟಿ ಬಾಲ್ ನೆಲಕ್ಕೆ ಒತ್ತಿದ್ರೆ ಅದು ಟ್ರೈ, 4 ಪಾಯಿಂಟ್. ಕಬಡ್ಡಿ ನೋಡಿ ಬೆಳೆದೋರಿಗೆ ಆ ಗೆರೆ ಹತ್ರ ನಡೆಯೋ ಎಳೆದಾಟ ಬೇಗ ಅರ್ಥ ಆಗುತ್ತೆ, ನನಗಂತೂ ಯೂನಿಯನ್‌ಗಿಂತ ಇದೇ ಬೇಗ ತಲೆಗೆ ಹೋಯ್ತು.

ಸ್ಟೀಲ್ ಅಂತ ಯಾಕೆ ಹೆಸರು? ಗಟ್ಟಿ ದೇಹ ಅಂತನಾ?

ಎಲ್ರೂ ಹಾಗೇ ಅಂದ್ಕೊಂಡಿರ್ತಾರೆ, ನಾನೂ ಅಂದ್ಕೊಂಡಿದ್ದೆ. ಶುರುನಲ್ಲಿ ಸ್ಪಾನ್ಸರ್ ಮಾಡಿದ್ದು ಟ್ರೂಮನ್ಸ್ ಸ್ಟೀಲ್ ಅನ್ನೋ ಉಕ್ಕಿನ ಕಂಪನಿ, ಅಷ್ಟೇ ಕಥೆ. ಸ್ಪಾನ್ಸರ್ ಹೋದ್ರೂ ಹೆಸರು ಉಳೀತು, ಮಧ್ಯದಲ್ಲಿ ಬಿಯರ್ ಕಂಪನಿಯವರೂ ಸ್ಪಾನ್ಸರ್ ಆಗಿದ್ರು, ಪುಣ್ಯಕ್ಕೆ ಅವರು ಹೆಸರು ಬದಲಾಯಿಸೋಕೆ ಹೋಗ್ಲಿಲ್ಲ.

ಮೊದಲು ಗೆದ್ದಿದ್ದು ಯಾರು?

1977ರಲ್ಲಿ ಲೀಡ್ಸ್‌ನ ಡೇವಿಡ್ ವಾರ್ಡ್. ಹೂಕರ್ ಅವನು. ಹೂಕರ್ ಅಂದ್ರೆ, ಕೆಳಗೆ ಬಿದ್ದ ಆಟಗಾರ ಎದ್ದು ಕಾಲಲ್ಲಿ ಹಿಂದಕ್ಕೆ ತಳ್ಳೋ ಬಾಲನ್ನ ಎತ್ತಿ ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡೋನು, ಪ್ರತೀ ಸಲ ಬಾಲ್ ಅವನ ಕೈಗೆ ಹೋಗೇ ಹೋಗುತ್ತೆ. ಅದಕ್ಕೇ ಏನೋ ಈ ಲಿಸ್ಟಲ್ಲಿ ಹೂಕರ್‌ಗಳು ಆಗಾಗ ಬರ್ತಾರೆ: ಜೇಮ್ಸ್ ಲೋವ್ಸ್, ಜೇಮ್ಸ್ ರೋಬಿ, ಡ್ಯಾರಿಲ್ ಕ್ಲಾರ್ಕ್, ಡ್ಯಾನಿ ಹೌಟನ್, ಪಾಲ್ ಮೆಕ್‌ಶೇನ್.

ಆದ್ರೆ ಶುರುವಿನ ವರ್ಷಗಳಲ್ಲಿ ಇದು ಬರೀ 'ಬೆಸ್ಟ್ ಪ್ಲೇಯರ್' ಅವಾರ್ಡ್ ಅಂತ ಇರಲಿಲ್ಲ, ಆಟದ ಮೇಲೆ ಆ ವರ್ಷ ಯಾರು ಜಾಸ್ತಿ ಛಾಪು ಒತ್ತಿದ್ರು ಅಂತ ನೋಡ್ತಿದ್ರು. ಅದಕ್ಕೇ 1982ರಲ್ಲಿ ಮಿಕ್ ಮಾರ್ಗನ್‌ಗೆ ಸಿಕ್ತು, ಅವನಿದ್ದ ಕಾರ್ಲೈಲ್ ಆಗ ಎರಡನೇ ಡಿವಿಷನ್ ಟೀಮ್, ಕ್ಲಬ್ ಹುಟ್ಟಿ ಅದೇ ಮೊದಲನೇ ಸೀಸನ್, ಆ ಸೀಸನ್‌ನಲ್ಲೇ ಮೇಲಿನ ಡಿವಿಷನ್‌ಗೆ ಏರಿದ್ರು. ಈಗಿನ ಕಾಲದಲ್ಲಿ ಕೆಳಗಿನ ಡಿವಿಷನ್ ಹುಡುಗನ ಹೆಸರು ಯಾರೂ ಬಾಯಲ್ಲೂ ಎತ್ತಲ್ಲ ಬಿಡಿ. ಅದಕ್ಕಿಂತ ಮಜಾ ಮಾರನೇ ವರ್ಷದ್ದು, 1983, ಅಲನ್ ಆಗರ್, ಫೆದರ್‌ಸ್ಟೋನ್ ರೋವರ್ಸ್ ಕೋಚ್! ಫೆದರ್‌ಸ್ಟೋನ್ ಅಂದ್ರೆ ಕಲ್ಲಿದ್ದಲು ಗಣಿಯ ಚಿಕ್ಕ ಊರು, ನಮ್ಮ ಕಡೆ ಹೋಬಳಿ ಅಂತೀವಲ್ಲ ಅಷ್ಟಿರಬಹುದು. ಆ ಊರಿನ ಟೀಮ್ ಲಂಡನ್ನಿನ ವೆಂಬ್ಲಿ ಸ್ಟೇಡಿಯಂಗೆ ಹೋಗಿ ಚಾಲೆಂಜ್ ಕಪ್ (ಲೀಗ್ ಅಲ್ಲದೆ ಬೇರೆ ನಡೆಯೋ ನಾಕೌಟ್ ಟೂರ್ನಿ) ಫೈನಲಲ್ಲಿ ದೊಡ್ಡ ಟೀಮ್ ಹಲ್ ಎಫ್‌ಸಿನ 14–12ಕ್ಕೆ ಸೋಲಿಸ್ತು. ಆ ಗೆಲುವಿಗೆ ಕೋಚ್‌ಗೆ ಪ್ರಶಸ್ತಿ ಕೊಟ್ರು, ನನಗೇನೋ ಅದು ಸರಿ ಅನ್ಸುತ್ತೆ. ಆ ಹಲ್ ಎಫ್‌ಸಿ ಹೆಸರು ನೆನಪಿರ್ಲಿ, ಕೊನೇಲಿ ಬರುತ್ತೆ.

ಜಾಸ್ತಿ ಸಲ ಗೆದ್ದಿರೋದು ಯಾರು?

ಎಲರಿ ಹ್ಯಾನ್ಲಿ, ಮೂರು ಸಲ, 1985, 1987, 1989. ಮೊದಲನೇದು ಬ್ರಾಡ್‌ಫರ್ಡ್ ನಾರ್ದರ್ನ್‌ನಲ್ಲಿ ಇದ್ದಾಗ, ಉಳಿದೆರಡು ವಿಗನ್‌ನಲ್ಲಿ. 1984–85ರ ಸೀಸನ್‌ನಲ್ಲಿ 55 ಟ್ರೈ ಹೊಡೆದ. ಇದು ಎಷ್ಟು ದೊಡ್ಡದು ಅಂದ್ರೆ, ಸಾಮಾನ್ಯವಾಗಿ ಟ್ರೈ ರಾಶಿ ಹಾಕೋದು ಅಂಚಲ್ಲಿ ನಿಂತು ಓಡೋ ವಿಂಗರ್‌ಗಳು, ಇವನು ವಿಂಗರ್ ಅಲ್ಲ, ಮಧ್ಯದಲ್ಲಿ ಮೂರು ಜನ ಮೈಮೇಲೆ ಬಿದ್ದಿರೋವಾಗ ನುಗ್ಗಿ ಹೊಡೆಯೋನು. ಆಮೇಲೆ ಗ್ರೇಟ್ ಬ್ರಿಟನ್ ಟೀಮಿನ ಕ್ಯಾಪ್ಟನ್ ಆದ. ಪ್ರೆಸ್‌ನವರ ಜೊತೆ ಮಾತೇ ಆಡ್ತಿರಲಿಲ್ಲ ಅಂತ ಇಲ್ಲಿನ ಹಳಬರು ಈಗಲೂ ಹೇಳ್ತಾರೆ. ತಮಾಷೆ ಏನಂದ್ರೆ ಆಗ ಈ ಅವಾರ್ಡ್‌ಗೆ ಆರಿಸ್ತಿದ್ದವರೇ ಪ್ರೆಸ್‌ನವರು, ಮಾತಾಡದೇ ಇರೋನಿಗೂ ಮೂರು ಸಲ ಕೊಟ್ರು ಅಂದ್ರೆ ಆಟ ಹೇಗಿದ್ದಿರಬೇಕು ಲೆಕ್ಕ ಹಾಕಿ.

ಎರಡು ಸಲ ಗೆದ್ದವರು ಮೂವರು. ಆಂಡಿ ಫ್ಯಾರೆಲ್ 1996 ಮತ್ತೆ 2004. ಪಾಲ್ ಸ್ಕಲ್ಥಾರ್ಪ್ 2001, 2002, ಬೆನ್ನು ಬೆನ್ನಿಗೆ ಗೆದ್ದ ಮೊದಲನೆಯವನು. ಸ್ಯಾಮ್ ಟಾಮ್ಕಿನ್ಸ್ 2012ರಲ್ಲಿ ವಿಗನ್‌ಗೆ ಆಡ್ತಾ ಗೆದ್ದ, ಮತ್ತೆ 2021ರಲ್ಲಿ ಕ್ಯಾಟಲನ್ಸ್ ಡ್ರಾಗನ್ಸ್‌ಗೆ. ಕ್ಯಾಟಲನ್ಸ್ ಅಂದ್ರೆ ಫ್ರಾನ್ಸಿನ ಪರ್ಪಿನ್ಯಾನ್ ಊರಿನ ಟೀಮ್, ಆದ್ರೆ ಆಡೋದು ಇಂಗ್ಲೆಂಡ್ ಲೀಗಲ್ಲಿ, ಹೌದು ಹಾಗೂ ಉಂಟು.

ವಿಗನ್ ವಿಗನ್ ಅಂತಾನೇ ಇದೀರ, ಅವರದ್ದೇ ದರ್ಬಾರಾ?

ಒಂದು ಕಾಲದಲ್ಲಿ ಹೌದು. 1987ರಿಂದ 1996ರವರೆಗೆ ಹತ್ತು ಪ್ರಶಸ್ತಿಯಲ್ಲಿ ಏಳು ವಿಗನ್‌ಗೆ ಹೋಯ್ತು. ಚಾಲೆಂಜ್ ಕಪ್ ಬೇರೆ 1988ರಿಂದ 1995ರವರೆಗೆ ಸತತ ಎಂಟು ವರ್ಷ ಅವರೇ ಗೆದ್ರು, ನೋಡೋರಿಗೇ ಬೇಜಾರಾಗಿರಬೇಕು. ಆಮೇಲೆ ಸೇಂಟ್ ಹೆಲೆನ್ಸ್ ಸರದಿ: 2005ರಿಂದ 2008ರವರೆಗೆ ಸಾಲಾಗಿ ನಾಲ್ಕು ವರ್ಷ, ಜೇಮೀ ಲಯನ್, ಪಾಲ್ ವೆಲೆನ್ಸ್, ಜೇಮ್ಸ್ ರೋಬಿ, ಜೇಮ್ಸ್ ಗ್ರಹಾಂ.

ಯಾರು ಆರಿಸೋದು? ಫ್ಯಾನ್ಸ್ ವೋಟಾ?

ಫ್ಯಾನ್ಸ್ ಅಲ್ಲ. ನನ್ನ ಕೇಳಿದ್ರೆ ಈ ಪ್ರಶಸ್ತಿಯ ಇತಿಹಾಸ ಅಂದ್ರೆ ಇದೇ, ಗೆದ್ದವರ ಲಿಸ್ಟ್ ಗೂಗಲ್‌ನಲ್ಲೂ ಸಿಗುತ್ತೆ, ಆದ್ರೆ ಯಾರು ಆರಿಸಿದ್ರು ಅಂತ ಪಕ್ಕದಲ್ಲಿ ಬರ್ಕೊಂಡ್ರೆ ಮಾತ್ರ ಆ ಲಿಸ್ಟ್ ಬಾಯಿ ಬಿಡುತ್ತೆ.

ಮೊದಲಿಗೆ 2007ರವರೆಗೆ ಪತ್ರಕರ್ತರು. ಅವರು ನೋಡೋದು ಕಥೆ. ಫೆದರ್‌ಸ್ಟೋನ್ ಕೋಚ್, ಕಾರ್ಲೈಲ್‌ನ ಹಿರಿಯ, 1984ರಲ್ಲಿ ವೆಂಬ್ಲಿ ಫೈನಲಲ್ಲಿ ಉದ್ದುದ್ದ ಓಡಿ ಎರಡು ಟ್ರೈ ಹೊಡೆದ ಇಪ್ಪತ್ತು ವರ್ಷದ ಹುಡುಗ ಜೋ ಲಿಡನ್, 1988ರಲ್ಲಿ ಯೂನಿಯನ್‌ನಿಂದ ಬಂದು ಮೊದಲನೇ ಸೀಸನ್‌ನಲ್ಲೇ ಎಲ್ಲರನ್ನೂ ಹಿಂದೆ ಹಾಕಿ ಓಡಿದ ಮಾರ್ಟಿನ್ ಒಫಾಯಾ. ಪೇಪರ್ ಹೆಡ್‌ಲೈನ್‌ಗೆ ಹೇಳಿ ಮಾಡಿಸಿದಂಥವು ಎಲ್ಲ. (ಒಫಾಯಾನ ವಿಡ್ನೆಸ್‌ಗೆ ಕರ್ಕೊಂಡು ಬಂದಿದ್ದು ಡಗ್ ಲಾಟನ್, ಆ ಲಾಟನ್ನೇ 1979ರಲ್ಲಿ ಈ ಪ್ರಶಸ್ತಿ ಗೆದ್ದಿದ್ದ. ಗುರುವಿಗೂ ಶಿಷ್ಯನಿಗೂ ಒಂದೇ ಪ್ರಶಸ್ತಿ.)

2008ರಿಂದ ಸೂಪರ್ ಲೀಗ್ ಆಟಗಾರರೇ ವೋಟ್ ಹಾಕೋ ಹಾಗೆ ಆಯ್ತು, ಮೊದಲ ಸಲ ಜೇಮ್ಸ್ ಗ್ರಹಾಂ ಗೆದ್ದ. ಅವನು ಪ್ರಾಪ್, ಅಂದ್ರೆ ಮುಂದಿನ ಸಾಲಲ್ಲಿ ನಿಂತು ತಲೆ ಕೊಟ್ಟು ಗುದ್ದೋ ಕೆಲಸ, ಟ್ರೈ ಹೊಡೆದು ಹೀರೋ ಆಗೋ ಜಾಗ ಅಲ್ಲ ಅದು. ಎದುರಿಗೆ ನಿಂತು ಗುದ್ದಿಸ್ಕೊಂಡವರಿಗೆ ತಾನೆ ಗೊತ್ತು ಯಾರ ಗುದ್ದು ಹೇಗೆ ಅಂತ. 2016ರ ಡ್ಯಾನಿ ಹೌಟನ್ ಕೂಡ ಅದೇ ಜಾತಿ, ಮ್ಯಾಚ್ ಪೂರ್ತಿ ಟ್ಯಾಕಲ್ ಮಾಡ್ಕೊಂಡೇ ಇರೋ ಆಳು. ಪತ್ರಕರ್ತರು ಆರಿಸಿದ್ರೆ ಅವನಿಗೆ ಸಿಗ್ತಿತ್ತಾ, ನನಗೆ ಡೌಟು.

2019ರಿಂದ ಮೂರನೇ ಪದ್ಧತಿ. ಮಾಜಿ ಆಟಗಾರರ ಒಂದು ಪ್ಯಾನೆಲ್, ಪ್ರತಿ ಮ್ಯಾಚ್ ಆದ್ಮೇಲೆ ಚೆನ್ನಾಗಿ ಆಡಿದ ಮೂವರಿಗೆ 3, 2, 1 ಅಂತ ಪಾಯಿಂಟ್, ಸೀಸನ್ ಕೊನೇಲಿ ಒಟ್ಟು ಮಾಡಿ ಜಾಸ್ತಿ ಇದ್ದವನಿಗೆ ಪ್ರಶಸ್ತಿ. ಆ ಪ್ಯಾನೆಲ್‌ಗೆ ಅಧ್ಯಕ್ಷ ಮಾಡಿದ್ದು ಯಾರನ್ನ ಅಂತೀರ, ಅದೇ ಎಲರಿ ಹ್ಯಾನ್ಲಿನ. ಇದರಲ್ಲಿ ಕಥೆಗಿಂತ ಲೆಕ್ಕ ಜಾಸ್ತಿ. ವಾರ ವಾರ ಬಾಲ್ ಕೈಲಿ ಹಿಡ್ಕೊಂಡು ಆಟ ನಡೆಸೋ ಹಾಫ್‌ಬ್ಯಾಕ್‌ಗಳಿಗೆ ಪಾಯಿಂಟ್ ಬೀಳೋದು ಸಹಜ: ಜ್ಯಾಕ್ಸನ್ ಹೇಸ್ಟಿಂಗ್ಸ್, ಬ್ರೋಡಿ ಕ್ರಾಫ್ಟ್, ಮೈಕಿ ಲೂಯಿಸ್, ಜೇಕ್ ಕಾನರ್. ಪ್ರಾಪ್‌ಗಳು ಮತ್ತೆ ಹಿಂದೆ ಬಿದ್ರು. ನನಗೆ ಆಟಗಾರರ ವೋಟೇ ಇಷ್ಟ ಇತ್ತು, ಫ್ರೆಂಡ್‌ಶಿಪ್‌ಗೆ ವೋಟ್ ಹಾಕ್ತಾರೆ ಅಂತ ಗೊಣಗೋರು ಇದ್ರು ನಿಜ, ಆದ್ರೂ.

ಜಾಸ್ತಿ ಕಪ್ ಗೆದ್ದ ಟೀಮಿಗೇ ಜಾಸ್ತಿ ಸಿಗುತ್ತಾ?

ಇಲ್ಲಿ ನಮ್ಮ ಲೀಡ್ಸ್‌ನವರ ಹೊಟ್ಟೆ ಉರಿಯೋದು. ಲೀಡ್ಸ್ ರೈನೋಸ್ 2004ರಿಂದ 2017ರ ಒಳಗೆ ಎಂಟು ಗ್ರಾಂಡ್ ಫೈನಲ್ ಗೆದ್ದಿದೆ. ಎಂಟು. ಆ ಹದಿನಾಲ್ಕು ವರ್ಷದಲ್ಲಿ ಲೀಡ್ಸ್‌ಗೆ ಬಂದ ಮ್ಯಾನ್ ಆಫ್ ಸ್ಟೀಲ್ ಒಂದೇ ಒಂದು, 2015ರಲ್ಲಿ ಝ್ಯಾಕ್ ಹಾರ್ಡೇಕರ್. ಇಲ್ಲಿಂದ ಹೆಚ್ಚು ದೂರ ಇಲ್ಲದ ಕ್ಯಾಸಲ್‌ಫರ್ಡ್ ಕಥೆ ನೋಡಿ, ಅವರು ಲೀಗ್ ಚಾಂಪಿಯನ್‌ಶಿಪ್ ಇದುವರೆಗೂ ಒಮ್ಮೆನೂ ಗೆದ್ದಿಲ್ಲ, ಮ್ಯಾನ್ ಆಫ್ ಸ್ಟೀಲ್ ಮಾತ್ರ ಐದು: ಏಡ್ರಿಯನ್ ವೋಲ್ಸ್ 1999, ರ‍್ಯಾಂಗಿ ಚೇಸ್ 2011, ಡ್ಯಾರಿಲ್ ಕ್ಲಾರ್ಕ್ 2014, ಲೂಕ್ ಗೇಲ್ 2017, ಮೆಕ್‌ಶೇನ್ 2020. ಲೀಡ್ಸ್‌ದೂ ಒಟ್ಟು ಐದೇ, 1977ರಿಂದ ಎಲ್ಲ ಸೇರಿಸಿ!

ಯಾಕೆ ಹೀಗೆ ಅಂದ್ರೆ ಒಂದು, ಮೊದಲೇ ಹೇಳಿದ ಹಾಗೆ ಪ್ರಶಸ್ತಿ ಫೈನಲ್‌ಗೆ ಮುಂಚೆ ತೀರ್ಮಾನ ಆಗಿರುತ್ತೆ, ಮತ್ತೆ ಆ ಕಾಲದ ಲೀಡ್ಸ್ ಫೈನಲ್ ಹತ್ರ ಬಂದಾಗ ಮೈ ಕೊಡವಿ ಏಳೋ ಟೀಮು. 2011, 2012 ಎರಡೂ ವರ್ಷ ಟೇಬಲ್‌ನಲ್ಲಿ ಐದನೇ ಜಾಗದಲ್ಲಿ ಇದ್ದು ಕಪ್ ಎತ್ಕೊಂಡು ಹೋದ್ರು. ಇನ್ನೊಂದು, ಟೀಮ್ ತುಂಬ ಸ್ಟಾರ್‌ಗಳೇ ಇದ್ರೆ ವೋಟು ಹಂಚಿ ಹೋಗುತ್ತೆ, ಕ್ಯಾಸಲ್‌ಫರ್ಡ್‌ನಂಥ ಟೀಮಲ್ಲಿ ಒಬ್ಬ ಎದ್ದು ಕಾಣ್ತಾನೆ.

ಕೆವಿನ್ ಸಿನ್‌ಫೀಲ್ಡ್ ಎಷ್ಟು ಸಲ ಗೆದ್ದಿದ್ದಾರೆ?

ಸೊನ್ನೆ. ಲೀಡ್ಸ್ ಕ್ಯಾಪ್ಟನ್ ಆಗಿ ಏಳು ಗ್ರಾಂಡ್ ಫೈನಲ್ ಗೆಲ್ಲಿಸಿದ ಮನುಷ್ಯ. 2012ರಲ್ಲಿ ಪ್ರಪಂಚದ ಬೆಸ್ಟ್ ಆಟಗಾರ ಅಂತ ಗೋಲ್ಡನ್ ಬೂಟ್ ಕೊಟ್ರು, ಅದೇ ವರ್ಷ ಇಂಗ್ಲೆಂಡಿನ ಬೆಸ್ಟ್ ಅಂತ ಟಾಮ್ಕಿನ್ಸ್‌ಗೆ ಮ್ಯಾನ್ ಆಫ್ ಸ್ಟೀಲ್. ಪ್ರಪಂಚಕ್ಕೆ ಮೊದಲನೆಯವನು, ಊರಿಗೆ ಎರಡನೆಯವನು. ನನ್ನ ಹಿಂದಿನ ಸೀಟಲ್ಲಿ ಕೂರೋ ಅಜ್ಜನ ಹತ್ರ ಈ ವಿಷ್ಯ ಎತ್ತಿದ್ರೆ ಹಾಫ್ ಟೈಮ್ ಪೂರ್ತಿ ಅದೇ ಮಾತು, ಟೀ ಆರಿ ತಣ್ಣಗಾಗಿರುತ್ತೆ.

ಸ್ಟೀವ್ ಪ್ರೆಸ್ಕಾಟ್ ಮ್ಯಾನ್ ಆಫ್ ಸ್ಟೀಲ್ ಅಂತಾರಲ್ಲ, ಅವರೂ ಗೆದ್ದಿದ್ರಾ?

ಆಟಗಾರ ಆಗಿದ್ದಾಗ ಗೆದ್ದಿರಲಿಲ್ಲ. ಅವರು ಸೇಂಟ್ ಹೆಲೆನ್ಸ್‌ನ ಫುಲ್‌ಬ್ಯಾಕ್, 1996ರ ಚಾಲೆಂಜ್ ಕಪ್ ಫೈನಲಲ್ಲಿ ಬ್ರಾಡ್‌ಫರ್ಡ್ ಮೇಲೆ ಎರಡು ಟ್ರೈ ಹೊಡೆದಿದ್ರು, ಆಮೇಲೆ ಹಲ್, ವೇಕ್‌ಫೀಲ್ಡ್‌ಗೂ ಆಡಿದ್ರು. ಆಟ ಬಿಟ್ಟ ಮೇಲೆ 2006ರಲ್ಲಿ ಹೊಟ್ಟೆಯ ಒಂದು ಅಪರೂಪದ ಕ್ಯಾನ್ಸರ್ ಅಂತ ಗೊತ್ತಾಯ್ತು, ಕೆಲವೇ ತಿಂಗಳು ಅಂದಿದ್ರು ಡಾಕ್ಟರ್‌ಗಳು. ಅವರು ಏಳು ವರ್ಷ ಇದ್ರು. ಸುಮ್ನೆ ಇರಲಿಲ್ಲ, ಮ್ಯಾರಥಾನ್ ಓಡಿದ್ರು, ಸೈಕಲ್ ತುಳಿದ್ರು, ಟ್ರೀಟ್‌ಮೆಂಟ್‌ಗಳ ಮಧ್ಯೆನೇ ಫೌಂಡೇಶನ್ ಮಾಡಿ ಕ್ಯಾನ್ಸರ್ ಆಸ್ಪತ್ರೆಗೆ, ಆಟದಲ್ಲಿ ಗಾಯ ಆಗಿ ಮೂಲೆ ಸೇರಿದ ಆಟಗಾರರಿಗೆ ದುಡ್ಡು ಎತ್ತಿದ್ರು. 2013ರ ನವೆಂಬರ್‌ನಲ್ಲಿ ತೀರಿಹೋದ್ರು, ಆಗ 39 ವರ್ಷ. ಪ್ರಶಸ್ತಿಗೆ ಅವರ ಹೆಸರು ಸೇರಿಸಿದ್ರು, 2014ರಲ್ಲಿ ಡ್ಯಾರಿಲ್ ಕ್ಲಾರ್ಕ್ ಗೆದ್ದಿದ್ದು ಆ ಹೆಸರಲ್ಲೇ. ಉಕ್ಕಿನ ಕಂಪನಿ ಕೊಟ್ಟು ಹೋದ ಹೆಸರಿಗೆ ಕೊನೆಗೂ ಒಬ್ಬ ಆಳು ಸಿಕ್ಕ.

ಆಸ್ಟ್ರೇಲಿಯಾದ್ದು ಡ್ಯಾಲಿ ಎಂ ಅಂತ ಇದೆಯಲ್ಲ, ಅದೇ ದೊಡ್ಡದಲ್ವಾ?

ಲೀಗ್ ದೊಡ್ಡದು, ಹಂಗಾಗಿ ಅದೂ ದೊಡ್ಡದು ಅನ್ಬಹುದು. ಅದು 1908ರ ಆಸುಪಾಸಿನ ಸಿಡ್ನಿಯ ಸ್ಟಾರ್ ಡ್ಯಾಲಿ ಮೆಸೆಂಜರ್ ಹೆಸರಲ್ಲಿ ಕೊಡೋದು. ಅಲ್ಲಿ ಪಾಯಿಂಟ್ ಪದ್ಧತಿ ಮೊದಲಿಂದಲೇ ಇತ್ತು, ಇಂಗ್ಲೆಂಡ್‌ನವರ 3-2-1 ಅಲ್ಲಿಂದ ಎತ್ಕೊಂಡಿದ್ದು ಅಂತ ಯಾರಿಗಾದ್ರೂ ಅನ್ಸುತ್ತೆ. ಎರಡೂ ಗೆದ್ದವರು ಇಬ್ಬರೇ. ಗ್ಯಾವಿನ್ ಮಿಲ್ಲರ್ 1986ರಲ್ಲಿ ಹಲ್ ಕೆಆರ್‌ಗೆ (ಹಲ್ ಊರಿನ ಇನ್ನೊಂದು ಟೀಮ್) ಆಡಿ ಮ್ಯಾನ್ ಆಫ್ ಸ್ಟೀಲ್ ಆದ, ಬ್ರಿಟನ್ ಹೊರಗಿಂದ ಬಂದು ಗೆದ್ದ ಮೊದಲನೆಯವನು, ವಾಪಸ್ ಹೋಗಿ ಸಿಡ್ನಿಯ ಕ್ರೊನಲ್ಲಾ ಟೀಮಿಗೆ ಆಡಿ 1988, 1989 ಎರಡು ಸಲ ಡ್ಯಾಲಿ ಎಂ. ಬೆನ್ ಬಾರ್ಬಾದು ಉಲ್ಟಾ ದಾರಿ, 2012ರಲ್ಲಿ ಡ್ಯಾಲಿ ಎಂ, 2018ರಲ್ಲಿ ಸೇಂಟ್ ಹೆಲೆನ್ಸ್‌ಗೆ ಬಂದು ಮ್ಯಾನ್ ಆಫ್ ಸ್ಟೀಲ್.

ಗೆದ್ರೆ ಇಂಗ್ಲೆಂಡ್ ಟೀಮಲ್ಲಿ ಜಾಗ ಗ್ಯಾರಂಟಿನಾ?

2025ರಲ್ಲಿ ಲೀಡ್ಸ್‌ನ ಜೇಕ್ ಕಾನರ್ ಗೆದ್ದ, ಅದೇ ವರ್ಷ ಆಸ್ಟ್ರೇಲಿಯಾ ವಿರುದ್ಧ ಆಶಸ್ ಸೀರೀಸ್‌ಗೆ ಇಂಗ್ಲೆಂಡ್ ಟೀಮಲ್ಲಿ ಅವನ ಹೆಸರೇ ಇರಲಿಲ್ಲ. (ಹೌದು, ರಗ್ಬಿ ಲೀಗ್‌ಗೂ ಒಂದು ಆಶಸ್ ಇದೆ.) 2011ರಲ್ಲಿ ಇದರ ಉಲ್ಟಾ ಆಗಿತ್ತು, ರ‍್ಯಾಂಗಿ ಚೇಸ್ ಹುಟ್ಟಿದ್ದು ನ್ಯೂಜಿಲೆಂಡ್‌ನಲ್ಲಿ, ಗೆದ್ದ ವರ್ಷನೇ ಇಂಗ್ಲೆಂಡ್‌ಗೆ ಆಡಿಸಿದ್ರು, ಅದಕ್ಕೂ ಬೈದ್ರು. ಸೆಲೆಕ್ಷನ್ ಅಂದ್ರೆ ಎಲ್ಲಾ ಕಡೆ ಒಂದೇ ಹಣೆಬರಹ, ರಣಜಿಲಿ ರನ್ ರಾಶಿ ಹಾಕಿ ಕಾಯ್ತಾ ಕೂತೋರನ್ನ ನಾವೂ ನೋಡಿಲ್ವಾ.

ಹೆಂಗಸರಿಗೆ ಇಲ್ವಾ?

ಇದೆ, ವುಮನ್ ಆಫ್ ಸ್ಟೀಲ್, 2018ರಿಂದ. ಮೊದಲು ಗೆದ್ದಿದ್ದು ಜಾರ್ಜಿಯಾ ರೋಚ್, ಆಗ ಇನ್ನೂ ಹದಿಹರೆಯದ ಹುಡುಗಿ. ಅವಳ ಟೀಮ್ ಯಾವುದು ಗೊತ್ತಾ, ಕ್ಯಾಸಲ್‌ಫರ್ಡ್. ಮತ್ತೆ ಕ್ಯಾಸಲ್‌ಫರ್ಡ್!

ಯೂನಿಯನ್ ನೋಡೋರಿಗೆ ಗೊತ್ತಿರೋ ಹೆಸರು ಯಾವುದಾದ್ರೂ ಇದೆಯಾ?

ಐರ್ಲೆಂಡ್ ಕೋಚ್ ಆಂಡಿ ಫ್ಯಾರೆಲ್ ಇವನೇ, 2025ರಲ್ಲಿ ಲಯನ್ಸ್‌ಗೂ (ಬ್ರಿಟನ್, ಐರ್ಲೆಂಡ್ ಸೇರಿದ ಯೂನಿಯನ್ ಟೀಮ್) ಅವನೇ ಕೋಚ್. ವೇಲ್ಸ್, ಫ್ರಾನ್ಸ್ ಟೀಮ್‌ಗಳಿಗೆ ಡಿಫೆನ್ಸ್ ಹೇಳಿಕೊಟ್ಟ ಶಾನ್ ಎಡ್ವರ್ಡ್ಸ್ 1990ರ ಮ್ಯಾನ್ ಆಫ್ ಸ್ಟೀಲ್. 1994ರ ಜೊನಾಥನ್ ಡೇವಿಸ್ ಮೊದಲು ವೇಲ್ಸ್ ಯೂನಿಯನ್ ಸ್ಟಾರ್. ಅಣ್ಣನ ಮನೆಯವರು ತಮ್ಮನ ಮನೆಯಿಂದ ಆಳು ಕರೆಸ್ಕೊಂಡು ಕೆಲಸ ಕಲೀತಿದ್ದಾರೆ ಅಂತ ಇಲ್ಲಿನವರಿಗೆ ಒಳಗೊಳಗೇ ಖುಷಿ.

ಗಾಯ, ನೋವು ಎಲ್ಲ ನಿಜವಾಗ್ಲೂ ಅಷ್ಟಿರುತ್ತಾ?

2017ರ ಲೂಕ್ ಗೇಲ್ ಕಥೆ ಹೇಳ್ತೀನಿ. ಅಪೆಂಡಿಕ್ಸ್ ಆಪರೇಷನ್ ಆಗಿ ಮೂರು ವಾರ ಕೂಡ ಆಗಿರಲಿಲ್ಲ, ಸೆಮಿಫೈನಲ್‌ಗೆ ಇಳಿದ. ಮ್ಯಾಚ್ ಟೈ ಆಗಿ ಎಕ್ಸ್‌ಟ್ರಾ ಟೈಮಿಗೆ ಹೋಯ್ತು, ಅಲ್ಲಿ ಅವನೇ ಡ್ರಾಪ್ ಗೋಲ್ (ಕೈಯಿಂದ ಬಾಲ್ ನೆಲಕ್ಕೆ ಬಿಟ್ಟು ಪುಟಿದಾಗ ಕಂಬಗಳ ಮಧ್ಯ ಒದೆಯೋದು) ಒದ್ದ, ಅದಕ್ಕಿರೋದು ಒಂದೇ ಪಾಯಿಂಟ್, 23–22, ಮ್ಯಾಚ್ ಮುಗೀತು. ನಮ್ಮಲ್ಲಿ ಅಪೆಂಡಿಕ್ಸ್ ಆದ್ರೆ ಒಂದು ತಿಂಗಳು ಬಿಂದಿಗೆ ಎತ್ತೋಕೂ ಬಿಡಲ್ಲ.

ಸರಿ, ಒಂದೇ ಒಂದು ವಿಡಿಯೋ ನೋಡೋಕೆ ಹೇಳಿ ಅಂದ್ರೆ?

2016ರ ಚಾಲೆಂಜ್ ಕಪ್ ಫೈನಲ್, ಕೊನೆಯ ಕೆಲವು ನಿಮಿಷ. ಹಲ್ ಎಫ್‌ಸಿ ಮತ್ತೆ ವಾರಿಂಗ್ಟನ್. ಹಲ್ ಅಲ್ಲಿಯವರೆಗೆ ವೆಂಬ್ಲಿಯಲ್ಲಿ ಗೆದ್ದೇ ಇರಲಿಲ್ಲ, ಹೋದಾಗಲೆಲ್ಲ ಬರಿಗೈ, 1983ರಲ್ಲಿ ಫೆದರ್‌ಸ್ಟೋನ್ ಕೈಲಿ ಏಟು ತಿಂದಿದ್ದೂ ಅದರಲ್ಲೇ ಸೇರಿದೆ, ಅದೇ ಊರಿನ ಹಲ್ ಕೆಆರ್‌ನವರು ಅದನ್ನೇ ಹಾಡು ಕಟ್ಟಿ ರೇಗಿಸ್ತಿದ್ರು. ಅವತ್ತೂ 10–0 ಹಿಂದೆ ಇದ್ದವರು ಹೇಗೋ 12–10 ಮಾಡ್ಕೊಂಡಿದ್ರು. ಆಗ ವಾರಿಂಗ್ಟನ್‌ನ ಬೆನ್ ಕರ‍್ರಿ ಬಾಲ್ ಹಿಡ್ಕೊಂಡು ಗೆರೆ ದಾಟೇಬಿಟ್ಟ, ನೆಲಕ್ಕೆ ಒತ್ತೋದೊಂದೇ ಬಾಕಿ, ಸ್ಟೇಡಿಯಂ ಅರ್ಧ ಎದ್ದು ನಿಂತಿದೆ. ಹಲ್‌ನ ಡ್ಯಾನಿ ಹೌಟನ್, ಆ ವರ್ಷದ ಮ್ಯಾನ್ ಆಫ್ ಸ್ಟೀಲ್, ಪಕ್ಕದಿಂದ ಬಂದು ಕೈಗೂ ಬಾಲಿಗೂ ಸೇರಿಸಿ ಬಿದ್ದ. ಬಾಲ್ ಜಾರಿತು. ನಿಧಾನ ಮಾಡಿ ನೋಡಿ, ಕರ‍್ರಿಯ ತೋಳು ಕೆಳಗೆ ಹೋಗ್ತಾ ಇರುತ್ತೆ, ಆ ತೋಳಲ್ಲಿ ಬಾಲ್ ಮಾತ್ರ ಇರಲ್ಲ.